ಚಿತ್ರಕಾರ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು

ಪುಸ್ತಕದ ಅಂಚಿನಲ್ಲಿ ಚಿತ್ರ ಬರೆಯುವ ಮಗುವನ್ನು ಕಂಡು, ಹೊತ್ತು ಹಾಳುಮಾಡುತ್ತಿದೆಯೆಂದು ಗದರುವ ಹಿರಿಯರು ನಮ್ಮ ಕುಷ್ಟಗಿಯ ಸೀಮೆಯಲ್ಲಿ ಇಂದಿಗೂ ವಿರಳರಲ್ಲ. ಹಾಗೆ ಗದರಿದವರಲ್ಲಿ ಈ ಲೇಖಕನೂ ಒಬ್ಬನು. ಆದಕಾರಣ ಈ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನವೃತ್ತಾಂತವನ್ನು ಬರೆಯುವ ಪ್ರಸಂಗ ಒದಗಿದಾಗ, ಕನ್ನಡ ನಾಡಿನಲ್ಲಿ ಹುಟ್ಟಿ, ರೇಖೆ ಬಣ್ಣಗಳನ್ನೇ ನಂಬಿ ಬಾಳಿ, ಲೋಕವಿಖ್ಯಾತರಾದ ಶ್ರೀ ಕೆ. ಕೆ. ಹೆಬ್ಬಾರರನ್ನು ಆರಿಸಿಕೊಳ್ಳುವುದೇ ಉಚಿತವೆಂದು ತೋರಿತು.

ಹೆಬ್ಬಾರರು 1911ನೆಯ ಇಸವಿಯ ಜೂನ್ 15ರಂದು, ಉಡುಪಿಗೆ ಸಮೀಪದ ಕಟ್ಟಿಂಗೇರಿ ಎಂಬ ಸಣ್ಣ ಗ್ರಾಮದಲ್ಲಿ ಜನಿಸಿದರು. ಮನೆಮಾತು ತುಳು. ತಂದೆಯವರು ಚೌತಿಯ ಹಬ್ಬಕ್ಕೆ ಜೇಡಿಮಣ್ಣಿನಿಂದ ಗಣಪತಿಯ ಮೂರ್ತಿಗಳನ್ನು ಮಾಡುತ್ತಿದ್ದರು. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರ ಮನೆಯ ಮಕ್ಕಳು ಅಕ್ಷರಕ್ಕಿಂತ ಮೊದಲೇ ಬಣ್ಣದ ಕುಂಚವನ್ನು ಹಿಡಿಯುವುದನ್ನು ಕಂಡವರಿಗೆ, ಇಂಥ ಮನೆಯಲ್ಲಿ ಬೆಳೆದ ಬಾಲಕನ ಕೈ ಹೇಗೆ ಪಳಗಿರಬಹುದೆಂಬ ಕಲ್ಪನೆ ಸುಲಭವಾಗಿ ಬಂದೀತು. ಊರ ಸುತ್ತಲಿನ ಗದ್ದೆಬಯಲಿನಲ್ಲಿ ರಾತ್ರಿಯೆಲ್ಲ ನಡೆಯುವ ಯಕ್ಷಗಾನದ ಆಟಗಳು, ಆ ಕಿರೀಟ, ಆ ಕುಣಿತ, ಆ ಚೆಂಡೆಯ ನಾದ, ಇವು ಆ ಬಾಲಕನ ಎರಡನೆಯ ಪಾಠಶಾಲೆ.

ಆ 1911ನೆಯ ವರ್ಷದ ಕೊನೆಯಲ್ಲಿಯೇ ದೂರದ ಮ್ಯೂನಿಕ್ ನಗರದಲ್ಲಿ ಕಾಂಡಿನ್‌ಸ್ಕಿ ಎಂಬ ರಷ್ಯಾದ ಚಿತ್ರಕಾರನು ಗ್ರಂಥವೊಂದನ್ನು ಪ್ರಕಟಿಸಿ, ಮನುಷ್ಯ, ಮರ, ಮನೆ ಯಾವುದನ್ನೂ ತೋರಿಸದೆ ಕೇವಲ ವರ್ಣ ಮತ್ತು ಆಕಾರಗಳಿಂದಲೇ ಆತ್ಮವನ್ನು ಮುಟ್ಟಬಹುದೆಂದು ಪ್ರತಿಪಾದಿಸಿದನು. ಕಟ್ಟಿಂಗೇರಿಯಲ್ಲಿ ಇದನ್ನು ಯಾರು ಬಲ್ಲರು? ಆದರೂ ಅರ್ಧ ಶತಮಾನ ಕಳೆಯುವಷ್ಟರಲ್ಲಿ ಆ ವಿಚಾರದ ಸಮೀಪಕ್ಕೆ ಈ ಊರಿನ ಹುಡುಗನು ತನ್ನದೇ ದಾರಿಯಿಂದ ಬಂದು ನಿಲ್ಲಲಿದ್ದನು.

ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಶಾಲೆಯಲ್ಲಿ ಕೆಲಕಾಲ ಅಭ್ಯಾಸಮಾಡಿ, ಅನಂತರ ಹೆಬ್ಬಾರರು ಮುಂಬಯಿಯನ್ನು ಸೇರಿದರು. ಅಲ್ಲಿನ ಪ್ರಸಿದ್ಧವಾದ ಸರ್ ಜೆ. ಜೆ. ಕಲಾಶಾಲೆಯಲ್ಲಿ ಓದಿ 1938ರಲ್ಲಿ ಡಿಪ್ಲೊಮಾ ಪಡೆದು, 1940ರಿಂದ 1945ರವರೆಗೆ ಅದೇ ಶಾಲೆಯಲ್ಲಿ ಉಪಾಧ್ಯಾಯರಾಗಿ ಕೆಲಸಮಾಡಿದರು. ಕಣ್ಣಿಗೆ ಕಂಡುದನ್ನು ಕಂಡಂತೆಯೇ ಬರೆಯುವ ಪಾಶ್ಚಾತ್ಯ ಪದ್ಧತಿಯಲ್ಲಿ ಅವರಿಗೆ ಪೂರ್ಣ ನೈಪುಣ್ಯವಿತ್ತು. ಅಷ್ಟರಿಂದಲೇ ತೃಪ್ತರಾಗಿದ್ದರೆ ಸುಖವಾಗಿ ಕಾಲ ಕಳೆಯುತ್ತಿದ್ದರು. ಆದರೆ ಅವರ ಮನಸ್ಸು ಅಜಂತೆಯ ಭಿತ್ತಿಗಳತ್ತ, ಜೈನರ ಹಸ್ತಪ್ರತಿಗಳ ಚಿತ್ರಗಳತ್ತ, ರಾಜಪುತ ಶೈಲಿಯತ್ತ ಓಡಿತು. ಕಲಿತ ವಿದ್ಯೆಯನ್ನು ಮರೆಯುವುದು, ಹೊಸದನ್ನು ಕಲಿಯುವುದಕ್ಕಿಂತ ಕಷ್ಟ. ಆ ಕಷ್ಟವನ್ನು ಅವರು ಕೈಕೊಂಡರು. 1913ರಲ್ಲಿ ಹುಟ್ಟಿ, 1941ರಲ್ಲಿ ಇಪ್ಪತ್ತೆಂಟರ ಹರೆಯದಲ್ಲಿಯೇ ತೀರಿಕೊಂಡ ಅಮೃತಾ ಶೇರ್‌ಗಿಲ್ ಎಂಬ ತರುಣಿಯ ಚಿತ್ರಗಳೂ ಅವರಿಗೆ ದಾರಿದೀಪಗಳಾದವು. ನಮ್ಮ ಬಾಲಕಿಯರು ಆಕೆಯ ಹೆಸರನ್ನೂ ನೆನಪಿನಲ್ಲಿಡುವುದು ಲೇಸು.

ಕೊನೆಗೆ ಉಪಾಧ್ಯಾಯವೃತ್ತಿಯನ್ನೂ ಬಿಟ್ಟರು. ತಿಂಗಳ ಸಂಬಳವನ್ನು ಬಿಟ್ಟು ಕುಂಚವನ್ನೇ ನಂಬುವುದು ಸಾಮಾನ್ಯ ಧೈರ್ಯವಲ್ಲ. ಕೊಂಡುಕೊಳ್ಳುವವರು ಇಲ್ಲದಿದ್ದರೆ ಮನೆಯಲ್ಲಿ ಒಲೆ ಉರಿಯುವುದು ಹೇಗೆ? ಆದರೆ ಮಣ್ಣಿನಲ್ಲಿ ಹೂಳಿಟ್ಟ ತಲಾಂತಿನ ಸಾಮ್ಯವನ್ನು ಈ ಶಾಲೆಯ ಪ್ರಾರ್ಥನಾ ಸಮಯದಲ್ಲಿ ಕೇಳಿದವರಿಗೆ ಅವರ ನಿರ್ಧಾರ ಅರ್ಥವಾಗದಿರದು.

ಈ ಜೀವನದಲ್ಲಿ ನಮಗೆ ಎಲ್ಲಕ್ಕಿಂತ ಸೋಜಿಗವಾಗಿ ಕಾಣುವ ಸಂಗತಿ ಇನ್ನೊಂದಿದೆ. ಸ್ವತಃ ಕಲೆಯನ್ನು ಕಲಿಸಬಲ್ಲ ವಯಸ್ಸಿನಲ್ಲಿ ಹೆಬ್ಬಾರರು ಶಿಷ್ಯರಾಗಿ, ಪಂಡಿತ ಸುಂದರ ಪ್ರಸಾದರ ಬಳಿ ಸುಮಾರು ಎರಡು ವರ್ಷ ಕಥಕ್ ನೃತ್ಯವನ್ನು ಕಲಿತರು. ರಂಗದ ಮೇಲೆ ಕುಣಿಯುವುದು ಅವರ ಉದ್ದೇಶವಾಗಿರಲಿಲ್ಲ. ಲಯವೆಂದರೇನು, ಅದು ದೇಹದಲ್ಲಿ ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಹೊರಗೆ ನಿಂತು ನೋಡಿದರೆ ಸಾಲದೆಂದು, ಗೆಜ್ಜೆ ಕಟ್ಟಿ ಹೆಜ್ಜೆ ಹಾಕಿದರು. ಅದರ ಫಲ ಅವರ ರೇಖಾಚಿತ್ರಗಳಲ್ಲಿ ಕಾಣುತ್ತದೆ. ಕೆಲವೇ ಗೆರೆಗಳು, ಒಮ್ಮೊಮ್ಮೆ ಕಾಗದದಿಂದ ಮೇಲೇಳದೆ ಹರಿದುಹೋದ ಒಂದೇ ಗೆರೆ, ಅದರಲ್ಲಿಯೇ ನರ್ತಕಿಯ ತಿರುವು, ವಾದ್ಯಗಾರನ ಬಾಗು. ಮುಖದಲ್ಲಿ ಕಣ್ಣು ಮೂಗುಗಳು ಇರುವುದೂ ಉಂಟು, ಇಲ್ಲದಿರುವುದೂ ಉಂಟು. ಹಾಡುವ ರೇಖೆ ಎಂಬ ಅರ್ಥದ ಹೆಸರಿನಿಂದ ಇಂಥ ಚಿತ್ರಗಳ ಸಂಪುಟವೂ ಹೊರಬಂದಿತು. ಬಣ್ಣದ ದೊಡ್ಡ ಚಿತ್ರಗಳಿಗಿಂತ ಈ ಗೆರೆಗಳೇ ಹೆಚ್ಚು ಕಾಲ ಬಾಳುವವೆಂದು ನಮ್ಮ ಅಭಿಪ್ರಾಯ. ಬಲ್ಲವರು ಒಪ್ಪದೆಯೂ ಇರಬಹುದು.

1949-50ರಲ್ಲಿ ಯುರೋಪಿಗೆ ತೆರಳಿ, ಪ್ಯಾರಿಸ್ ನಗರದ ಜೂಲಿಯನ್ ಅಕಾಡೆಮಿಯಲ್ಲಿ ಅಭ್ಯಾಸಮಾಡಿದರು. ಹಿಂತಿರುಗಿದ ಮೇಲೆ, ಹಳ್ಳಿಗರು, ದುಡಿಯುವವರು, ಜಾತ್ರೆ ಮುಂತಾದ ಅವರ ಹಿಂದಿನ ವಿಷಯಗಳು ಒಮ್ಮೆಲೇ ಮಾಯವಾಗಲಿಲ್ಲ. ಆದರೆ ವರ್ಷ ಕಳೆದಂತೆ ಆಕೃತಿಗಳು ಕರಗುತ್ತ ಬಂದವು. 1960ರ ಈಚೆಗೆ ಸೂರ್ಯ, ಚಂದ್ರ, ಸಮುದ್ರ, ಸೃಷ್ಟಿ ಮೊದಲಾದ ವಿಷಯಗಳನ್ನು ದಪ್ಪನಾದ ವರ್ಣಲೇಪದಲ್ಲಿ, ಬಹುಮಟ್ಟಿಗೆ ಅಮೂರ್ತವಾಗಿಯೇ ಬರೆದರು. ಪೂರ್ಣ ಅಮೂರ್ತ ಚಿತ್ರಕಾರರೆಂದು ಅವರನ್ನು ಕರೆಯುವುದು ಸರಿಯಾಗಲಾರದು. ಹೊರಗಿನ ಲೋಕದ ಒಂದು ಎಳೆಯನ್ನು ಅವರು ಎಂದೂ ಕೈಬಿಡಲಿಲ್ಲ. 1947ರಲ್ಲಿ ಮುಂಬಯಿಯಲ್ಲಿ ಸೂಜಾ, ರಝಾ, ಹುಸೇನ್ ಮೊದಲಾದವರು ಕಟ್ಟಿದ ಪ್ರಗತಿಪರ ಕಲಾವಿದರ ಸಂಘಕ್ಕೂ ಅವರು ಸೇರಲಿಲ್ಲ. ಒಂಟಿಯಾಗಿಯೇ ನಡೆದರು.

ಏನನ್ನೂ ತೋರಿಸದ ಚಿತ್ರವನ್ನು ನೋಡುವುದಾದರೂ ಹೇಗೆಂದು ಪಾಲಕರು ಕೇಳಬಹುದು. ಅವರು ತಮ್ಮ ಮನೆಯ ಪೆಟ್ಟಿಗೆಯನ್ನು ತೆರೆದು ಇಳಕಲ್ಲ ಸೀರೆಯ ಸೆರಗನ್ನು ಬಿಡಿಸಿ ನೋಡಲಿ. ಅದರ ಮೇಲಿನ ನೇಯ್ಗೆಯನ್ನು ತೆನೆಯೆನ್ನುತ್ತೇವೆ. ಆದರೆ ಅಲ್ಲಿ ಕಾಳಿಲ್ಲ, ದಂಟಿಲ್ಲ, ಎಲೆಯಿಲ್ಲ. ಬಾಚಣಿಗೆಯ ಹಲ್ಲಿನಂತೆ ಎದ್ದುನಿಂತ ಬಿಳಿಯ ಗೆರೆಗಳು ಮಾತ್ರ ಕೆಂಪಿನ ಮೇಲೆ ಸಾಲಾಗಿವೆ. ಇದು ತೆನೆಯಂತಿಲ್ಲವೆಂದು ನಮ್ಮ ಅಜ್ಜಿಯರಲ್ಲಿ ಯಾರೂ ಸೀರೆಯನ್ನು ಮರಳಿಸಿದ್ದಿಲ್ಲ. ಹೊಸ್ತಿಲ ಮುಂದಿನ ಚುಕ್ಕಿಯ ರಂಗೋಲಿಯನ್ನು ಕಂಡು ಇದೇನೆಂದು ಕೇಳುವವರೂ ಇಲ್ಲ. ಚೌಕಟ್ಟು ಹಾಕಿ ಗೋಡೆಗೆ ತೂಗಿದೊಡನೆ ನಾವು ಅಂಜುತ್ತೇವೆ, ಅಷ್ಟೆ.

ಸನ್ಮಾನಗಳು ಅವರಿಗೆ ತಾವಾಗಿ ಬಂದವು. ಭಾರತ ಸರಕಾರವು 1961ರಲ್ಲಿ ಪದ್ಮಶ್ರೀಯನ್ನೂ 1989ರಲ್ಲಿ ಪದ್ಮಭೂಷಣವನ್ನೂ ಇತ್ತಿತು; 1976ರಲ್ಲಿ ಲಲಿತ ಕಲಾ ಅಕಾಡೆಮಿಯು ತನ್ನ ಫೆಲೋ ಪದವಿಯನ್ನು ನೀಡಿತು. ಜೀವಿತದ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದರೂ ತವರುನಾಡನ್ನು ಮರೆಯದೆ, ತಮ್ಮ ಅನೇಕ ಚಿತ್ರಗಳನ್ನು ಕರ್ನಾಟಕಕ್ಕೆ ದಾನವಾಗಿತ್ತರು. ಅವು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಸೇರಿದವು.

1996ನೆಯ ಇಸವಿಯ ಮಾರ್ಚ್ 26ರಂದು, ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಹೆಬ್ಬಾರರು ಮುಂಬಯಿಯಲ್ಲಿ ದೈವಾಧೀನರಾದರು. ಮಗಳಿಗೆ ಅವರು ಇಟ್ಟ ಹೆಸರು ರೇಖಾ. ರೇಖಾ ರಾವ್ ಎಂಬ ಹೆಸರಿನಿಂದ ಆಕೆಯೂ ಚಿತ್ರಕಲೆಯಲ್ಲಿಯೇ ಖ್ಯಾತಿವೆತ್ತರು.