ಬೆರಳಚ್ಚು ಯಂತ್ರದ ಜನಕ ಕ್ರಿಸ್ಟೋಫರ್ ಶೋಲ್ಸ್

ಇಂದು ಗಣಕಯಂತ್ರದ ಸಾಮಗ್ರಿಗಳನ್ನು ಮಾರುವ ಯಾವ ಅಂಗಡಿಗೆ ಹೋದರೂ ಬಗೆಬಗೆಯ ಕೀಲಿಮಣೆಗಳು ನಮ್ಮ ಕಣ್ಣನ್ನು ಸೆಳೆಯುತ್ತವೆ. ತಂತಿಯ ಹಂಗಿಲ್ಲದೆ ಕೆಲಸ ಮಾಡುವವು ಕೆಲವು. ಒಳಗಿನಿಂದ ಬಣ್ಣಬಣ್ಣದ ಬೆಳಕನ್ನು ಸೂಸುವವು ಕೆಲವು. ಒತ್ತಿದಾಗ ಟಕ್ಕೆಂದು ಸದ್ದಾಗಬೇಕೆಂದೇ ಪ್ರತಿಯೊಂದು ಕೀಲಿಯ ಕೆಳಗೂ ಬೇರೆಬೇರೆ ಸ್ಪ್ರಿಂಗ್ ಇಟ್ಟು ರಚಿಸಿದವು ಮತ್ತೆ ಕೆಲವು. ವರ್ಷ ವರ್ಷವೂ ಇವುಗಳ ರೂಪ ಬದಲಾಗುತ್ತಿದೆ, ಬೆಲೆಯೂ ಬದಲಾಗುತ್ತಿದೆ. ಆದರೆ ಇವುಗಳಲ್ಲಿ ಯಾವುದೊಂದನ್ನು ಕೈಗೆತ್ತಿಕೊಂಡು ನೋಡಿದರೂ ಇಂಗ್ಲಿಷ್ ಅಕ್ಷರಗಳ ಮೊದಲನೆಯ ಸಾಲು ಸಾಮಾನ್ಯವಾಗಿ ಒಂದೇ ರೀತಿಯಲ್ಲಿ ಆರಂಭವಾಗುತ್ತದೆ: ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ. ಶಾಲೆಯಲ್ಲಿ ನಾವು ಎ, ಬಿ, ಸಿ ಎಂದು ಕಲಿತ ಅಕ್ಷರಮಾಲೆ ಇಲ್ಲಿ ಏಕೆ ಹೀಗೆ ಚದುರಿಹೋಯಿತು? ಇದನ್ನು ಹೀಗೆ ಜೋಡಿಸಿದವನು ಯಾರು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೊರಟರೆ ನಾವು 150 ವರ್ಷಗಳಿಗೂ ಹಿಂದೆ ಅಮೆರಿಕದ ಮಿಲ್ವಾಕಿ ನಗರದಲ್ಲಿ ಬಾಳಿದ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಎಂಬ ಸಜ್ಜನನ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಶೋಲ್ಸನು 1819ನೆಯ ಇಸವಿ ಫೆಬ್ರವರಿ 14ರಂದು ಪೆನ್ಸಿಲ್ವೇನಿಯಾ ಸಂಸ್ಥಾನದ ಮೂರ್ಸ್‌ಬರ್ಗ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದನು. ಹುಡುಗನಾಗಿದ್ದಾಗಲೇ ಸಮೀಪದ ಡ್ಯಾನ್‌ವಿಲ್ ಪಟ್ಟಣದಲ್ಲಿ ಮುದ್ರಣದ ಕೆಲಸ ಕಲಿಯಲು ಸೇರಿದನು. ಅಂದಿನ ದಿನಗಳಲ್ಲಿ ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ, ಪದಗಳಾಗಿ ಸಾಲುಗಳಾಗಿ ಕೈಯಿಂದಲೇ ಜೋಡಿಸಬೇಕಾಗಿತ್ತು. ಅಕ್ಷರವೆಂಬುದು ಕಣ್ಣಿಗೆ ಕಾಣುವ ಗುರುತು ಮಾತ್ರವಲ್ಲ, ಕೈಯಲ್ಲಿ ಹಿಡಿಯಬಹುದಾದ ಲೋಹದ ತುಂಡೂ ಹೌದೆಂಬ ಅರಿವು ಅವನಿಗೆ ಬಾಲ್ಯದಲ್ಲೇ ಬಂದಿತು. ಅವನ ಮುಂದಿನ ಸಾಧನೆಗೆ ಈ ಅರಿವೇ ತಳಹದಿಯಾಯಿತು.

1837ರಲ್ಲಿ, ತನ್ನ 18ನೆಯ ವಯಸ್ಸಿನಲ್ಲಿ, ಶೋಲ್ಸನು ಪಶ್ಚಿಮದ ವಿಸ್ಕಾನ್ಸಿನ್ ಪ್ರಾಂತಕ್ಕೆ ಬಂದು ನೆಲಸಿದನು. ಆಗ ಅದು ಇನ್ನೂ ಪೂರ್ಣ ಸಂಸ್ಥಾನವೂ ಆಗಿರಲಿಲ್ಲ. ಅಲ್ಲಿ ಅವನು ಪತ್ರಿಕೋದ್ಯಮಕ್ಕೆ ಇಳಿದು, ಇಂದು ಕೆನೋಷ ಎಂದು ಕರೆಯಲ್ಪಡುವ ಊರಿನಲ್ಲಿ ಒಂದು ಪತ್ರಿಕೆಯ ಸಂಪಾದಕನಾದನು. 1848ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನವಾದ ಮೇಲೆ ಅದರ ಶಾಸನಸಭೆಗೂ ಆರಿಸಿಬಂದನು.

ಅವನ ಸ್ವಭಾವವನ್ನು ತಿಳಿಯಲು ಈ ಕಾಲದ ಒಂದು ಪ್ರಸಂಗವನ್ನು ಹೇಳಲೇಬೇಕು. 1851ರ ಆಗಸ್ಟ್ ತಿಂಗಳಿನಲ್ಲಿ ಕೆನೋಷದಲ್ಲಿ ಒಬ್ಬ ಅಪರಾಧಿಯನ್ನು ಬಹಿರಂಗವಾಗಿ ಗಲ್ಲಿಗೇರಿಸಲಾಯಿತು. ಆ ನೋಟವನ್ನು ಕಾಣಲು ಸಹಸ್ರಾರು ಜನ ಜಾತ್ರೆಯಂತೆ ನೆರೆದಿದ್ದರು. ಕುಣಿಕೆಯಲ್ಲಿ ಆ ಮನುಷ್ಯನ ಪ್ರಾಣ ಬೇಗನೆ ಹೋಗಲಿಲ್ಲ. ಅವನು ಬಹಳ ಹೊತ್ತು ಒದ್ದಾಡಿದನು. ಶೋಲ್ಸನ ಮೃದುವಾದ ಮನಸ್ಸು ಇದರಿಂದ ಕಲಕಿಹೋಯಿತು. ಅವನು ತನ್ನ ಪತ್ರಿಕೆಯಲ್ಲಿ ಮರಣದಂಡನೆಯನ್ನು ಖಂಡಿಸಿ ಬರೆದನು. ಶಾಸನಸಭೆಯಲ್ಲಿಯೂ ಅದರ ರದ್ದತಿಗಾಗಿ ಹೋರಾಡಿದನು. 1853ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನವು ಮರಣದಂಡನೆಯನ್ನು ತೆಗೆದುಹಾಕಿತು. ಅಂದಿನಿಂದ ಅಲ್ಲಿನ ಕಾಯಿದೆಯ ಮೇರೆಗೆ ಯಾರನ್ನೂ ಗಲ್ಲಿಗೇರಿಸಿಲ್ಲ. ಶೋಲ್ಸನು ಯಂತ್ರವನ್ನು ಮುಟ್ಟದೆಯೇ ಇದ್ದಿದ್ದರೂ ಈ ಒಂದು ಕಾರ್ಯಕ್ಕಾಗಿ ನಾವು ಅವನನ್ನು ನೆನೆಯಬಹುದಾಗಿತ್ತು.

ಮುಂದೆ ಅವನು ಮಿಲ್ವಾಕಿ ನಗರಕ್ಕೆ ಬಂದು ಅಲ್ಲಿನ ಪತ್ರಿಕೆಗಳ ಸಂಪಾದಕನಾಗಿ ದುಡಿದನು. ಅಧ್ಯಕ್ಷ ಲಿಂಕನ್ನನ ಕಾಲದಲ್ಲಿ ಅವನಿಗೆ ಮಿಲ್ವಾಕಿ ಬಂದರಿನ ಸುಂಕಾಧಿಕಾರಿಯ ಹುದ್ದೆ ದೊರೆಯಿತು. ಇದರಿಂದ ಅವನಿಗೆ ಸ್ವಲ್ಪ ಬಿಡುವು ಸಿಕ್ಕಿತು. ಆ ಬಿಡುವನ್ನು ಅವನು ಊರಿನ ಒಂದು ಚಿಕ್ಕ ಯಂತ್ರಕಾರ್ಯಾಗಾರದಲ್ಲಿ ಕಳೆಯತೊಡಗಿದನು. ಸ್ಯಾಮ್ಯುಯಲ್ ಸೋಲ್ ಎಂಬ ಇನ್ನೊಬ್ಬ ಮುದ್ರಕನೊಡನೆ ಕೂಡಿ, ಪುಸ್ತಕದ ಪುಟಗಳಿಗೆ ತಾನಾಗಿಯೇ ಅಂಕಿಗಳನ್ನು ಒತ್ತುವ ಒಂದು ಸಣ್ಣ ಯಂತ್ರವನ್ನು ನಿರ್ಮಿಸಿ ಅದಕ್ಕೆ ಪೇಟೆಂಟನ್ನು ಪಡೆದನು. ಅದೇ ಕಾರ್ಯಾಗಾರಕ್ಕೆ ಕಾರ್ಲೋಸ್ ಗ್ಲಿಡನ್ ಎಂಬ ವಕೀಲನೂ ಬರುತ್ತಿದ್ದನು. ಹೊಸ ಬಗೆಯ ನೇಗಿಲೊಂದನ್ನು ರಚಿಸಬೇಕೆಂಬುದು ಅವನ ಹಂಬಲ. ಅಂಕಿಯನ್ನು ಮುದ್ರಿಸುವ ಯಂತ್ರವು ಅಕ್ಷರವನ್ನೇಕೆ ಮುದ್ರಿಸಬಾರದೆಂದು ಅವನು ಕೇಳಿದನು. ಆ ಒಂದು ಪ್ರಶ್ನೆಯೇ ಬೀಜವಾಯಿತು. 1867ರ ಜುಲೈ ತಿಂಗಳಿನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯು ಜಾನ್ ಪ್ರಾಟ್ ಎಂಬವನು ರಚಿಸಿದ ಬರೆಯುವ ಯಂತ್ರವೊಂದರ ವರ್ಣನೆಯನ್ನು ಪ್ರಕಟಿಸಿತು. ಅದನ್ನು ಓದಿದ ಶೋಲ್ಸನಿಗೆ ತಾನು ಇದಕ್ಕಿಂತ ಸರಳವಾದುದನ್ನು ಮಾಡಬಲ್ಲೆನೆಂಬ ವಿಶ್ವಾಸ ಮೂಡಿತು.

ಬರೆಯುವ ಯಂತ್ರದ ಕನಸನ್ನು ಕಂಡವರಲ್ಲಿ ಶೋಲ್ಸನು ಮೊದಲಿಗನೇನೂ ಅಲ್ಲ. ಇಂಗ್ಲೆಂಡಿನ ಹೆನ್ರಿ ಮಿಲ್ ಎಂಬವನು 1714ರಲ್ಲಿಯೇ ಇಂತಹ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದಿದ್ದನು. ಇಟಲಿಯ ಪೆಲ್ಲೆಗ್ರಿನೊ ಟುರ್ರಿಯು ಅಂಧಳಾದ ಗೆಳತಿಯೊಬ್ಬಳು ಪತ್ರ ಬರೆಯಲೆಂದು 19ನೆಯ ಶತಮಾನದ ಆರಂಭದಲ್ಲಿ ಒಂದು ಯಂತ್ರವನ್ನು ಮಾಡಿಕೊಟ್ಟಿದ್ದನು. ಆದರೆ ಇವು ಯಾವುವೂ ಜನಸಾಮಾನ್ಯರ ಕೈಗೆ ಬರಲಿಲ್ಲ. ಕೈಬರಹಕ್ಕಿಂತ ವೇಗವಾಗಿ ಬರೆಯುವ, ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಿಸಬಹುದಾದ ಯಂತ್ರ ಇನ್ನೂ ಹುಟ್ಟಬೇಕಾಗಿತ್ತು.

ಶೋಲ್ಸನ ಮೊದಲನೆಯ ಪ್ರಯೋಗ ತೀರ ಸರಳವಾಗಿತ್ತು. ತಂತಿಯ ಸುದ್ದಿಯನ್ನು ಕಳುಹಿಸುವ ಕೀಲಿಯೊಂದಕ್ಕೆ ಒಂದೇ ಒಂದು ಅಕ್ಷರದ ಮೊಳೆಯನ್ನು ಜೋಡಿಸಿದನು. ಅದು ಡಬ್ಲ್ಯೂ ಅಕ್ಷರ. ಕೀಲಿಯನ್ನು ಒತ್ತಿದಾಗ ಮೊಳೆಯು ಮೇಲಕ್ಕೆ ನೆಗೆದು ಮಸಿಕಾಗದದ ಮೂಲಕ ಬಿಳಿಯ ಹಾಳೆಯ ಮೇಲೆ ಅಚ್ಚೊತ್ತಿತು. ಒಂದು ಅಕ್ಷರ ಮೂಡಿದ ಮೇಲೆ ಉಳಿದವು ಮೂಡಲಾರವೇ? ಶೋಲ್ಸ್, ಗ್ಲಿಡನ್, ಸೋಲ್ ಈ ಮೂವರೂ ಕೂಡಿ ದುಡಿದರು. ಗಡಿಯಾರದ ಕೆಲಸ ಬಲ್ಲ ಮಥಿಯಾಸ್ ಶ್ವಾಲ್‌ಬಾಖ್ ಅವರಿಗೆ ನೆರವಾದನು. 1868ರ ಜೂನ್ 23ರಂದು ಅವರಿಗೆ ಪೇಟೆಂಟ್ ಲಭಿಸಿತು. ಆ ಮೊದಲ ಯಂತ್ರದ ಕೀಲಿಗಳು ಪಿಯಾನೊ ವಾದ್ಯದ ಮನೆಗಳಂತೆ ಎರಡು ಸಾಲುಗಳಲ್ಲಿ ಇದ್ದವು.

ಆದರೆ ಪೇಟೆಂಟ್ ಪಡೆದ ಮಾತ್ರಕ್ಕೆ ಕಾರ್ಯ ಮುಗಿಯಲಿಲ್ಲ. ನಿಜವಾದ ತಪಸ್ಸು ಆರಂಭವಾದುದೇ ಆಮೇಲೆ. ಜೇಮ್ಸ್ ಡೆನ್ಸ್‌ಮೋರ್ ಎಂಬ ಹಳೆಯ ಸಹೋದ್ಯೋಗಿಗೆ ಶೋಲ್ಸನು ಯಂತ್ರದಲ್ಲಿ ಅಚ್ಚುಮಾಡಿದ ಪತ್ರವೊಂದನ್ನು ಕಳುಹಿಸಿದ್ದನು. ಅದನ್ನು ಕಂಡ ಮಾತ್ರಕ್ಕೆ ಡೆನ್ಸ್‌ಮೋರನು ಯಂತ್ರವನ್ನು ನೋಡದೆಯೇ 600 ಡಾಲರುಗಳನ್ನು ಕೊಟ್ಟು ಕಾಲುಪಾಲು ಹಕ್ಕನ್ನು ಕೊಂಡನು. ಆದರೆ ಮರುವರ್ಷ ಯಂತ್ರವನ್ನು ಕಣ್ಣಾರೆ ಕಂಡಾಗ, ಕಲ್ಪನೆಯೊಂದನ್ನುಳಿದು ಅದರಲ್ಲಿ ಮತ್ತೇನೂ ಪ್ರಯೋಜನವಿಲ್ಲವೆಂದು ಅವನಿಗೆ ತೋರಿತು. ಅವನು ಒರಟು ಮನುಷ್ಯ. ಶೋಲ್ಸನಾದರೋ ಸಂಕೋಚದ ಪ್ರಾಣಿ. ಒಬ್ಬನು ಬೈಯುತ್ತಿದ್ದನು, ಇನ್ನೊಬ್ಬನು ಮೌನವಾಗಿ ತಿದ್ದುತ್ತಿದ್ದನು. ಮಾಡಿದ ಯಂತ್ರಗಳನ್ನು ಪರೀಕ್ಷೆಗಾಗಿ ವಾಷಿಂಗ್ಟನ್ನಿನ ಜೇಮ್ಸ್ ಕ್ಲೆಫೇನ್ ಎಂಬ ಶೀಘ್ರಲಿಪಿಗಾರನಿಗೆ ಕಳುಹಿಸಲಾಗುತ್ತಿತ್ತು. ಅವನು ಅವುಗಳನ್ನು ಮುರಿದುಹೋಗುವ ತನಕ ಬಡಿದು, ದೋಷಗಳ ಪಟ್ಟಿಯನ್ನು ನಿರ್ದಾಕ್ಷಿಣ್ಯವಾಗಿ ಬರೆದು ಕಳುಹಿಸುತ್ತಿದ್ದನು. ಶೋಲ್ಸನು ಹಲವು ಬಾರಿ ಬೇಸತ್ತನು. ಆದರೂ ಮತ್ತೆ ಮತ್ತೆ ಕೆಲಸಕ್ಕೆ ಕುಳಿತನು. ಸೋಲ್ ಮತ್ತು ಗ್ಲಿಡನ್ ಕ್ರಮೇಣ ಹಿಂದೆ ಸರಿದರು. ಐದಾರು ವರ್ಷಗಳಲ್ಲಿ ಸುಮಾರು 30 ಮಾದರಿಗಳು ತಯಾರಾದವೆಂದು ಹೇಳುತ್ತಾರೆ. ಯಂತ್ರದ ಬೆಳವಣಿಗೆಗೆ ಹೊಗಳಿಕೆಗಿಂತ ಈ ಕಠೋರ ಪರೀಕ್ಷೆಯೇ ಹೆಚ್ಚು ಸಹಾಯ ಮಾಡಿತೆಂಬುದನ್ನು ನಾವು ಗಮನಿಸಬೇಕು.

ಇದೇ ಕಾಲದಲ್ಲಿ ಅಕ್ಷರಗಳ ಜೋಡಣೆಯೂ ಬದಲಾಯಿತು. ಯಂತ್ರದೊಳಗೆ ಅಕ್ಷರದ ಮೊಳೆಗಳನ್ನು ಹೊತ್ತ ಕಡ್ಡಿಗಳು ಬುಟ್ಟಿಯಂತೆ ವೃತ್ತಾಕಾರವಾಗಿ ತೂಗುತ್ತಿದ್ದವು. ಕೀಲಿಯನ್ನು ಒತ್ತಿದೊಡನೆ ಕಡ್ಡಿಯು ಕೆಳಗಿನಿಂದ ಎದ್ದು ಕಾಗದವನ್ನು ಬಡಿಯುತ್ತಿತ್ತು. ಅಕ್ಕಪಕ್ಕದ ಎರಡು ಕಡ್ಡಿಗಳು ಒಂದರ ಹಿಂದೊಂದು ಬೇಗನೆ ಎದ್ದರೆ ಪರಸ್ಪರ ತಗುಲಿ ಸಿಕ್ಕಿಕೊಳ್ಳುತ್ತಿದ್ದವು. ಮೇಲಿಂದ ಮೇಲೆ ಜೊತೆಯಾಗಿ ಬರುವ ಅಕ್ಷರಗಳನ್ನು ದೂರದೂರಕ್ಕೆ ಇಡುವುದಕ್ಕಾಗಿಯೇ ಶೋಲ್ಸನು ಅಕ್ಷರಮಾಲೆಯನ್ನು ಚದುರಿಸಿದನೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ತಂತಿಯ ಸುದ್ದಿಯನ್ನು ಕೇಳುತ್ತ ಬರೆದುಕೊಳ್ಳುವವರ ಅನುಕೂಲವನ್ನು ನೋಡಿ ಈ ಕ್ರಮ ರೂಪುಗೊಂಡಿತೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಅದು ಹೇಗೇ ಇರಲಿ, ಹಳೆಯ ಅಕ್ಷರಮಾಲೆಯ ಗುರುತು ಪೂರ್ತಿಯಾಗಿ ಅಳಿಸಿಹೋಗಿಲ್ಲ. ಕೀಲಿಮಣೆಯ ನಡುವಣ ಸಾಲನ್ನು ನೋಡಿರಿ: ಡಿ, ಎಫ್, ಜಿ, ಎಚ್, ಜೆ, ಕೆ, ಎಲ್ ಎಂದು ಅಕ್ಷರಗಳು ಇಂದಿಗೂ ಬಹುಮಟ್ಟಿಗೆ ಕ್ರಮದಲ್ಲಿಯೇ ನಿಂತಿವೆ.

1873ರ ಮಾರ್ಚ್ 1ರಂದು ನ್ಯೂಯಾರ್ಕ್ ಸಂಸ್ಥಾನದ ಇಲಿಯನ್ ಪಟ್ಟಣದ ರೆಮಿಂಗ್ಟನ್ ಸಂಸ್ಥೆಯೊಡನೆ ಒಪ್ಪಂದವಾಯಿತು. ಬಂದೂಕುಗಳನ್ನು ತಯಾರಿಸಿ ಹೆಸರಾಗಿದ್ದ ಆ ಸಂಸ್ಥೆಯು ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಬೇರೆ ಉತ್ಪಾದನೆಗಳತ್ತ ತಿರುಗಿ ಹೊಲಿಗೆ ಯಂತ್ರಗಳನ್ನೂ ಮಾಡುತ್ತಿತ್ತು. ಆದುದರಿಂದ 1874ರಲ್ಲಿ ಮಾರಾಟಕ್ಕೆ ಬಂದ ಮೊದಲ ಬೆರಳಚ್ಚು ಯಂತ್ರವು ಹೊಲಿಗೆ ಯಂತ್ರದ ತಂಗಿಯಂತೆಯೇ ಕಾಣುತ್ತಿತ್ತು. ಮೈಮೇಲೆ ಹೂಬಳ್ಳಿಗಳ ಚಿತ್ರ. ಸಾಲು ಮುಗಿದಾಗ ಕಾಗದದ ಗಾಡಿಯನ್ನು ಹಿಂದಕ್ಕೆ ತರಲು ಕಾಲಿನಿಂದ ತುಳಿಯುವ ಮೆಟ್ಟು. ಬೆಲೆ 125 ಡಾಲರ್. ಅದರಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು. ಒಂದು ಮತ್ತು ಸೊನ್ನೆಯ ಕೀಲಿಗಳಿಲ್ಲದ್ದರಿಂದ ಐ ಮತ್ತು ಓ ಅಕ್ಷರಗಳೇ ಆ ಅಂಕಿಗಳ ಕೆಲಸ ಮಾಡಬೇಕಿತ್ತು. ಎಲ್ಲಕ್ಕಿಂತ ದೊಡ್ಡ ತೊಂದರೆಯೆಂದರೆ, ಬರೆದ ಸಾಲು ಬರೆಯುವವನಿಗೆ ಆಗಲೇ ಕಾಣುತ್ತಿರಲಿಲ್ಲ. ಮುಂದೆ ಕೆಲವು ಸಾಲುಗಳನ್ನು ಅಚ್ಚುಮಾಡಿದ ಬಳಿಕವೇ ಕಣ್ಣಿಗೆ ಬೀಳುತ್ತಿತ್ತು. ಖ್ಯಾತ ಲೇಖಕ ಮಾರ್ಕ್ ಟ್ವೇನ್ ಆರಂಭದಲ್ಲಿಯೇ ಒಂದನ್ನು ಕೊಂಡನು. ಆದರೂ 1878ರ ವರೆಗೆ ಮಾರಾಟವಾದ ಯಂತ್ರಗಳು ಸುಮಾರು 5,000 ಮಾತ್ರ.

1878ರಲ್ಲಿ ರೆಮಿಂಗ್ಟನ್ ಸಂಸ್ಥೆಯು ಎರಡನೆಯ ಮಾದರಿಯನ್ನು ಹೊರತಂದಿತು. ಅದರಲ್ಲಿ ಒಂದೇ ಕಡ್ಡಿಯ ಮೇಲೆ ಚಿಕ್ಕಕ್ಷರ, ದೊಡ್ಡಕ್ಷರ ಎರಡೂ ಇದ್ದವು; ವಿಶೇಷವಾದ ಕೀಲಿಯೊಂದನ್ನು ಒತ್ತಿದರೆ ಕಾಗದದ ಗಾಡಿಯೇ ಸ್ವಲ್ಪ ಸರಿದು ದೊಡ್ಡಕ್ಷರಕ್ಕೆ ಎದುರಾಗುತ್ತಿತ್ತು. ಸರಿಯುವುದರಿಂದಲೇ ಆ ಕೀಲಿಗೆ ಶಿಫ್ಟ್ ಎಂಬ ಹೆಸರು. ಇಂದಿನ ಗಣಕದಲ್ಲಿ ಸರಿಯುವ ಗಾಡಿಯೂ ಇಲ್ಲ, ಹಿಂದಿರುಗುವ ಗಾಡಿಯೂ ಇಲ್ಲ. ಆದರೂ ಶಿಫ್ಟ್ ಮತ್ತು ರಿಟರ್ನ್ ಎಂಬ ಹೆಸರುಗಳು ಅಳಿದುಹೋದ ಮನೆತನದ ಕುಲನಾಮಗಳಂತೆ ಉಳಿದುಕೊಂಡಿವೆ.

ಬೆರಳಚ್ಚು ಯಂತ್ರ ಕ್ರಮೇಣ ಕಛೇರಿ ಕಛೇರಿಗೂ ಪ್ರವೇಶಿಸಿತು. ಅದರೊಡನೆ ಒಂದು ಮೌನಕ್ರಾಂತಿಯೂ ನಡೆಯಿತು. ಅಲ್ಲಿಯ ತನಕ ಕಛೇರಿಯ ಗುಮಾಸ್ತಗಿರಿ ಬಹುಮಟ್ಟಿಗೆ ಗಂಡಸರದೇ ಆಗಿತ್ತು. ಶೋಲ್ಸನ ಮಗಳು ಲಿಲಿಯನ್ 1872ರಲ್ಲಿಯೇ ತಂದೆಯ ಯಂತ್ರದ ಮುಂದೆ ಕುಳಿತು ತೆಗೆಸಿಕೊಂಡ ಚಿತ್ರ ಇಂದಿಗೂ ಉಳಿದಿದೆ. 1881ರಲ್ಲಿ ನ್ಯೂಯಾರ್ಕಿನಲ್ಲಿ ಯುವತಿಯರಿಗಾಗಿ ಬೆರಳಚ್ಚಿನ ತರಗತಿ ಆರಂಭವಾಯಿತು. ಮುಂದಿನ ದಶಕಗಳಲ್ಲಿ ಲಕ್ಷಾಂತರ ಸ್ತ್ರೀಯರು ಈ ವಿದ್ಯೆಯನ್ನು ಕಲಿತು ತಮ್ಮ ಕಾಲ ಮೇಲೆ ತಾವು ನಿಂತರು. ತನ್ನ ಯಂತ್ರದಿಂದ ಹೆಣ್ಣುಮಕ್ಕಳ ಬಾಳು ಹಗುರವಾಯಿತೆಂಬುದು ಕೊನೆಗಾಲದಲ್ಲಿ ಶೋಲ್ಸನಿಗೆ ಬಹಳ ಸಮಾಧಾನವನ್ನು ಕೊಟ್ಟಿತು.

ಆ ಸಮಾಧಾನವನ್ನು ಬಿಟ್ಟರೆ ಅವನಿಗೆ ದೊರೆತ ಪ್ರತಿಫಲ ಅಲ್ಪವೇ. ಅವನು ತನ್ನ ಪಾಲಿನ ಹಕ್ಕನ್ನು ಸುಮಾರು 12,000 ಡಾಲರುಗಳಿಗೆ ಮಾರಿಬಿಟ್ಟನೆಂದು ಅವನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಮಾರಾಟವಾದ ಪ್ರತಿ ಯಂತ್ರಕ್ಕೂ ಇಂತಿಷ್ಟು ಎಂದು ಗೌರವಧನ ಪಡೆಯುವ ಕರಾರು ಮಾಡಿಕೊಂಡ ಡೆನ್ಸ್‌ಮೋರನು ದೊಡ್ಡ ಸಿರಿವಂತನಾದನು. ಶೋಲ್ಸನದು 10 ಮಕ್ಕಳ ಸಂಸಾರ. ಶರೀರಕ್ಕೆ ಕ್ಷಯರೋಗ ಬೇರೆ ಅಂಟಿಕೊಂಡಿತ್ತು. ಆದರೂ ಅವನು ಕೊರಗುತ್ತ ಕುಳಿತುಕೊಳ್ಳಲಿಲ್ಲ. ಮನೆಯಲ್ಲಿಯೇ ಹೊಸ ಹೊಸ ಮಾದರಿಗಳನ್ನು ರಚಿಸುತ್ತಲೇ ಇದ್ದನು. 1890ರ ಫೆಬ್ರವರಿ 17ರಂದು, 71 ವರ್ಷಗಳು ತುಂಬಿದ ಮೂರೇ ದಿನಗಳಲ್ಲಿ, ಮಿಲ್ವಾಕಿಯಲ್ಲಿ ಅವನು ಕಣ್ಣುಮುಚ್ಚಿದನು. ಅವನು ಸತ್ತ ಆರು ವರ್ಷಗಳ ಮೇಲೆ, 1896ರಲ್ಲಿ, ಅವನು 1889ರಲ್ಲಿ ಕೇಳಿಕೊಂಡಿದ್ದ ಪೇಟೆಂಟೊಂದು ಮಂಜೂರಾಯಿತು. ಅದರಲ್ಲಿ ಅಕ್ಷರಗಳ ಜೋಡಣೆಯೇ ಬೇರೆ! ಜಗತ್ತು ಕಣ್ಣುಮುಚ್ಚಿ ಒಪ್ಪಿಕೊಂಡ ಕ್ರಮವನ್ನು ಅದರ ಕರ್ತನೇ ಕೊನೆಯ ಮಾತೆಂದು ಎಣಿಸಿರಲಿಲ್ಲ.

ಆದರೆ ಅಷ್ಟರಲ್ಲಿ ಸಾವಿರಾರು ಬೆರಳುಗಳು ಹಳೆಯ ಕ್ರಮಕ್ಕೇ ಒಗ್ಗಿಹೋಗಿದ್ದವು. 1936ರಲ್ಲಿ ಆಗಸ್ಟ್ ಡ್ವೊರಾಕ್ ಎಂಬ ಪ್ರಾಧ್ಯಾಪಕನು ಬೇರೊಂದು ಜೋಡಣೆಗೆ ಪೇಟೆಂಟ್ ಪಡೆದರೂ ಜನ ಅದನ್ನು ವಿಶೇಷವಾಗಿ ಸ್ವೀಕರಿಸಲಿಲ್ಲ. ಬೆರಳಚ್ಚು ಯಂತ್ರದಿಂದ ದೂರಮುದ್ರಕಕ್ಕೆ, ಅಲ್ಲಿಂದ ಗಣಕಕ್ಕೆ, ಗಣಕದಿಂದ ಜೇಬಿನ ದೂರವಾಣಿಗೆ ಶೋಲ್ಸನ ಸಾಲೇ ನಡೆದುಬಂದಿತು. ನಮ್ಮ ಮುಂಬಯಿಗೂ ಈ ಕಥೆಯಲ್ಲಿ ಪಾಲುಂಟು. ಇಲ್ಲಿನ ಗೋದ್ರೆಜ್ ಸಂಸ್ಥೆಯು 1955ರಲ್ಲಿ ಭಾರತದಲ್ಲಿಯೇ ತಯಾರಾದ ಬೆರಳಚ್ಚು ಯಂತ್ರವನ್ನು ಹೊರತಂದಿತು. ಅರ್ಧ ಶತಮಾನಕ್ಕೂ ಮೀರಿ ನಡೆದ ಆ ತಯಾರಿಕೆ 2009ರಲ್ಲಿ ನಿಂತಿತು. ಇಂದು ಕೆ. ಪಿ. ರಾವ್ ಅವರು ರೂಪಿಸಿದ ಕ್ರಮದಲ್ಲಿ ನಾವು ಕನ್ನಡವನ್ನು ಅಚ್ಚುಮಾಡುವಾಗ ಕೆ ಎಂಬ ಕೀಲಿಯನ್ನು ಒತ್ತಿದರೆ ಪರದೆಯ ಮೇಲೆ ಕಕಾರ ಮೂಡುತ್ತದೆ. ಶಿಫ್ಟಿನೊಡನೆ ಒತ್ತಿದರೆ ಖಕಾರ ಮೂಡುತ್ತದೆ. ಕನ್ನಡವನ್ನೇ ಅರಿಯದ ಶೋಲ್ಸನ ಕೀಲಿಗಳು ಹೀಗೆ ನಮ್ಮ ನುಡಿಗೂ ದಾರಿಮಾಡಿಕೊಟ್ಟಿವೆ.

ವಿದ್ಯಾರ್ಥಿ ಮಿತ್ರರೇ, ಹೊಸ ಕೀಲಿಮಣೆಯನ್ನು ಕೊಂಡಾಗ ಅದರ ಬೆಳಕನ್ನೂ ಬಣ್ಣವನ್ನೂ ನೋಡಿ ಸಂತೋಷಪಡುವುದು ಸಹಜ. ಆದರೆ ಅದರ ಮೇಲಿನ ಒಂದು ಸಾಲಿನ ಹಿಂದೆ, ಮೂವತ್ತು ಬಾರಿ ಸೋತು ಮೂವತ್ತು ಬಾರಿ ತಿದ್ದಿದ ಒಬ್ಬ ಮುದ್ರಕನಿದ್ದಾನೆ. ಲಾಭ ಪರರ ಪಾಲಾದರೂ ಕಡೆಯ ದಿನದ ವರೆಗೆ ತನ್ನ ಕೆಲಸದಲ್ಲಿ ದೋಷವನ್ನು ಹುಡುಕುತ್ತಿದ್ದ ಒಬ್ಬ ಕರ್ಮಯೋಗಿಯಿದ್ದಾನೆ. ನಾವು ಬರೆದ ಉತ್ತರಪತ್ರಿಕೆಯನ್ನು ಇನ್ನೊಮ್ಮೆ ಓದಿ ತಿದ್ದಲು ಬೇಸರವಾದಾಗ ಅವನನ್ನು ನೆನೆದರೆ, ಅದೇ ನಾವು ಅವನಿಗೆ ಸಲ್ಲಿಸುವ ನಿಜವಾದ ಗೌರವ.