ಎಡ್ವರ್ಡ್ ಬ್ಲೈತ್: ಘಟ್ಟದ ಮುಳ್ಳಿಲಿಗೆ ಹೆಸರು ಕೊಟ್ಟವರ ಕಥೆ

ಪಶ್ಚಿಮ ಘಟ್ಟದ ಮಳೆಕಾಡುಗಳಲ್ಲಿ ಹೆಚ್ಚಿನವರು ಎಂದೂ ನೋಡದ ಒಂದು ಇಲಿ ಇದೆ. ಹಗಲು ಮರದ ಪೊಟರೆಯಲ್ಲಿ ಮಲಗುತ್ತದೆ, ರಾತ್ರಿ ಕೊಂಬೆಗಳ ಮೇಲೆ ಓಡಾಡುತ್ತದೆ. ಬಾಲ ಕುಂಚದಂತೆ ಪೊದೆಪೊದೆ. ಬೆನ್ನಿನ ಮೃದು ಕೂದಲಿನ ನಡುವೆ ಚಪ್ಪಟೆ ಮುಳ್ಳುಗಳು. ಇಂಗ್ಲಿಷಿನಲ್ಲಿ ಇದು ಮಲಬಾರ್ ಸ್ಪೈನಿ ಡಾರ್ಮೌಸ್. ಈ ಬರಹದಲ್ಲಿ ನಾವು ಮುಳ್ಳಿಲಿ ಎಂದೇ ಕರೆಯೋಣ. 1859ರಲ್ಲಿ ಇದಕ್ಕೆ ಪ್ಲಾಟಕ್ಯಾಂತೋಮಿಸ್ ಲಾಸಿಯುರಸ್ ಎಂಬ ವೈಜ್ಞಾನಿಕ ಹೆಸರು ಕೊಟ್ಟವರು ಎಡ್ವರ್ಡ್ ಬ್ಲೈತ್. ಡಾರ್ವಿನ್ ಕದ್ದರು ಎನ್ನಲಾಗುವ ವಿಚಾರದ ಕಥೆಯಲ್ಲೂ ಇವರ ಹೆಸರು ಬರುತ್ತದೆ. ಆ ಮಾತು ಎಷ್ಟು ನಿಜ? ನೋಡೋಣ.

ಔಷಧದಂಗಡಿಯಿಂದ ಕಲ್ಕತ್ತಕ್ಕೆ

ಬ್ಲೈತ್ ಹುಟ್ಟಿದ್ದು 1810ರ ಡಿಸೆಂಬರ್ 23ರಂದು, ಲಂಡನ್ನಿನಲ್ಲಿ. ಹತ್ತು ವರ್ಷವಾಗುವ ಹೊತ್ತಿಗೆ ತಂದೆ ತೀರಿಕೊಂಡರು. ರಸಾಯನಶಾಸ್ತ್ರ ಕಲಿತು, ಲಂಡನ್ ಬಳಿಯ ಟೂಟಿಂಗ್‌ನಲ್ಲಿ ಔಷಧದಂಗಡಿ ಕೊಂಡರು. ಆದರೆ ಮನಸ್ಸೆಲ್ಲ ಹಕ್ಕಿ, ಪ್ರಾಣಿಗಳ ಮೇಲೆ. ಅಂಗಡಿ ಮುಳುಗಿತು.

1841ರಲ್ಲಿ ಅವರು ಕಲ್ಕತ್ತಕ್ಕೆ ಬಂದು ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಕ್ಯುರೇಟರ್ ಆದರು. ಸುಮಾರು ಇಪ್ಪತ್ತು ವರ್ಷ ಅಲ್ಲೇ ದುಡಿದರೂ ಸಂಬಳ ಏರಲಿಲ್ಲ. ಖರ್ಚು ಸರಿದೂಗಿಸಲು ಜೀವಂತ ಪ್ರಾಣಿಗಳ ವ್ಯಾಪಾರಕ್ಕೂ ಕೈಹಾಕಿದರು. 1854ರಲ್ಲಿ ಮದುವೆಯಾಯಿತು. ಮೂರೇ ವರ್ಷದಲ್ಲಿ ಹೆಂಡತಿ ತೀರಿಕೊಂಡರು, ಆ ಪೆಟ್ಟಿನಿಂದ ಅವರ ಆರೋಗ್ಯವೂ ಕುಸಿಯಿತು.

ಮುಳ್ಳಿಲಿಗೆ ಹೆಸರು ಬಂದದ್ದು ಈ ಕಷ್ಟದ ದಿನಗಳಲ್ಲೇ. ಬ್ಲೈತ್ ಕಾಡು ಸುತ್ತಿದ್ದು ಕಡಿಮೆ. ದೇಶದ ನಾನಾ ಮೂಲೆಗಳಿಂದ ಬರುತ್ತಿದ್ದ ಚರ್ಮ, ತಲೆಬುರುಡೆಗಳನ್ನು ಹೋಲಿಸಿ ನೋಡುವುದೇ ಅವರ ಕೆಲಸ. ಮುಳ್ಳಿಲಿಯ ಮಾದರಿಯನ್ನು ಕಳಿಸಿದ್ದು ತಿರುವಾಂಕೂರಿನ ಬೆಟ್ಟಗಳಲ್ಲಿದ್ದ ಮಿಷನರಿ ಹೆನ್ರಿ ಬೇಕರ್. ಹಾಗಾದರೆ ಇದನ್ನು ಕಂಡುಹಿಡಿದವರು ಬ್ಲೈತ್ ಎನ್ನಬಹುದೇ? ಇಲ್ಲ. ಕಾಳುಮೆಣಸು ತಿನ್ನುವ, ಹೆಂಡದ ಮಡಕೆಗೆ ಬಾಯಿ ಹಾಕುವ ಈ ಇಲಿ ಬೆಟ್ಟದ ಜನರಿಗೆ ಮೊದಲೇ ಗೊತ್ತಿತ್ತು. ಇದು ವಿಜ್ಞಾನ ಅಲ್ಲಿಯವರೆಗೆ ದಾಖಲಿಸದ ಜೀವಿ ಎಂದು ಗುರುತಿಸಿದ್ದು ಬ್ಲೈತ್ ಅವರ ಕೊಡುಗೆ.

ಡಾರ್ವಿನ್ ಕದ್ದರೇ?

1835ರಿಂದ 1837ರ ನಡುವೆ ಬ್ಲೈತ್ ಕೆಲವು ಲೇಖನ ಬರೆದಿದ್ದರು. ಪ್ರಕೃತಿಯಲ್ಲಿ ಬಲವಾದವು ಉಳಿಯುತ್ತವೆ, ದುರ್ಬಲವಾದವು ಅಳಿಯುತ್ತವೆ ಎಂಬ ವಿಚಾರ ಅವುಗಳಲ್ಲಿತ್ತು. ಡಾರ್ವಿನ್ ಇದನ್ನೇ ಎತ್ತಿಕೊಂಡು ಹೆಸರು ಹೇಳದೆ ಬಿಟ್ಟರು ಎಂದು 1959ರಲ್ಲಿ ಲೊರೆನ್ ಐಸ್ಲಿ ಎಂಬ ಅಮೆರಿಕದ ವಿದ್ವಾಂಸರು ವಾದಿಸಿದರು. ಆ ಮಾತು ಇಂದಿಗೂ ಹರಿದಾಡುತ್ತದೆ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಜರಡಿಯ ಉದಾಹರಣೆ ತೆಗೆದುಕೊಳ್ಳೋಣ. ಬ್ಲೈತ್ ಪ್ರಕಾರ ಪ್ರಕೃತಿಯ ಜರಡಿ ಮೂಲ ರೂಪದಿಂದ ದೂರ ಸರಿದವುಗಳನ್ನು ಹೊರಹಾಕುತ್ತದೆ, ಅದರಿಂದ ಪ್ರಭೇದ ಇದ್ದಂತೆಯೇ ಉಳಿಯುತ್ತದೆ. ಡಾರ್ವಿನ್ ಪ್ರಕಾರ ಅದೇ ಜರಡಿ ತಲೆಮಾರುಗಳುದ್ದಕ್ಕೂ ಸಣ್ಣ ಸಣ್ಣ ಬದಲಾವಣೆಗಳನ್ನು ಕೂಡಿಹಾಕಿ ಹೊಸ ಪ್ರಭೇದವನ್ನೇ ಮಾಡುತ್ತದೆ. ಜರಡಿ ಒಂದೇ, ತೀರ್ಮಾನ ತದ್ವಿರುದ್ಧ. ಹೀಗಾಗಿ ಕಳವಿನ ವಾದವನ್ನು ವಿಜ್ಞಾನದ ಇತಿಹಾಸಕಾರರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ.

ಅಲ್ಲದೆ ಇಬ್ಬರಿಗೂ ಪತ್ರವ್ಯವಹಾರವಿತ್ತು. ಭಾರತದ ಸಾಕುಪ್ರಾಣಿಗಳ ಬಗ್ಗೆ ಬ್ಲೈತ್ ಉದ್ದುದ್ದ ಟಿಪ್ಪಣಿ ಕಳಿಸುತ್ತಿದ್ದರು. ವ್ಯಾಲೇಸ್ ಬರೆದ ಲೇಖನವೊಂದನ್ನು ಗಮನಿಸುವಂತೆ 1855ರಲ್ಲಿ ಡಾರ್ವಿನ್‌ಗೆ ಬರೆದವರೂ ಇವರೇ. ಮುಳ್ಳಿಲಿಗೆ ಹೆಸರು ಬಂದ ವರ್ಷವೇ ಹೊರಬಂದ ತಮ್ಮ ಪ್ರಸಿದ್ಧ ಪುಸ್ತಕದ ಮೊದಲ ಅಧ್ಯಾಯದಲ್ಲಿ ಡಾರ್ವಿನ್ ಬ್ಲೈತ್ ಅವರ ಹೆಸರನ್ನು ಗೌರವದಿಂದಲೇ ಹೇಳಿದ್ದಾರೆ.

ಕೊನೆಯ ವರ್ಷಗಳು

1862ರಲ್ಲಿ ಅನಾರೋಗ್ಯದಿಂದ ಬ್ಲೈತ್ ಇಂಗ್ಲೆಂಡಿಗೆ ಮರಳಿದರು. 1873ರ ಡಿಸೆಂಬರ್ 27ರಂದು ತೀರಿಕೊಂಡರು. ಅವರು ಜೋಡಿಸಿಟ್ಟ ಸಂಗ್ರಹ ಕಲ್ಕತ್ತದ ಇಂಡಿಯನ್ ಮ್ಯೂಸಿಯಂಗೆ ಸೇರಿತು.

ಮುಳ್ಳಿಲಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪೊದೆಬಾಲ ನೋಡಿ ಇದನ್ನು ಯುರೋಪಿನ ಡಾರ್ಮೌಸ್‌ಗಳ ಜೊತೆ ಸೇರಿಸಿದ್ದು ತಪ್ಪು ಎಂದು ವಂಶವಾಹಿಗಳ ಅಧ್ಯಯನ ತೋರಿಸಿದೆ. ಇದರ ತೀರ ಹತ್ತಿರದ ನೆಂಟ ಇರುವುದು ದಕ್ಷಿಣ ಚೀನಾ ಮತ್ತು ವಿಯೆಟ್ನಾಂ ಕಾಡುಗಳಲ್ಲಿ. ಈ ಎರಡು ಕುಲಗಳು ಬಿಟ್ಟರೆ ಆ ಕುಟುಂಬದಲ್ಲಿ ಇಂದು ಬೇರೆ ಯಾರೂ ಉಳಿದಿಲ್ಲ. ಮುಳ್ಳಿದೆ ಎಂದು ಮುಳ್ಳುಹಂದಿಯ ಸಂಬಂಧಿ ಎಂದುಕೊಳ್ಳುವುದೂ ತಪ್ಪೇ. ಅದರ ಮುಳ್ಳು ಎಂದರೆ ಗಟ್ಟಿಯಾದ, ಚಪ್ಪಟೆಯಾದ ಕೂದಲು, ಅಷ್ಟೆ.

ಜಾಗತಿಕ ಕೆಂಪು ಪಟ್ಟಿಯಲ್ಲಿ ಇದು ಅಪಾಯಕ್ಕೆ ಈಡಾಗಬಲ್ಲ ಪ್ರಾಣಿಗಳ ಸಾಲಿನಲ್ಲಿದೆ. ಪೊಟರೆ ಇರುವುದು ಹಳೆಯ ಮರಗಳಲ್ಲಿ. ಟೊಳ್ಳು ಮರ ಯಾವುದಕ್ಕೂ ಬಾರದು ಎಂದು ಕಡಿದರೆ ಮುಳ್ಳಿಲಿಯ ಮನೆ ಹೋಗುತ್ತದೆ.

ಬ್ಲೈತ್ ಹೆಸರು ನಮ್ಮ ಹಿತ್ತಲಲ್ಲೂ ಇದೆ. ಚಳಿಗಾಲದಲ್ಲಿ ಪೊದೆಯೊಳಗೆ ಅಡಗಿ ಚೆಕ್ ಚೆಕ್ ಎನ್ನುವ ಕಂದು ಬಣ್ಣದ ಪುಟ್ಟ ವಲಸೆ ಹಕ್ಕಿಯೊಂದನ್ನು ನೀವು ಕೇಳಿರಬಹುದು. ಅದು ಬ್ಲೈತ್ಸ್ ರೀಡ್ ವಾರ್ಬ್ಲರ್ ಆಗಿರುವ ಸಾಧ್ಯತೆ ಹೆಚ್ಚು.