ಸಾಲಿನಲ್ಲಿ ನಿಲ್ಲಲು ಕಲಿಸಿದ ವೈದ್ಯರು: ಡಾ. ನಾ.ಸು. ಹರ್ಡೀಕರ್

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸರ್ಕಾರಿ ಶಾಲೆಗಳಲ್ಲಿ ಓದಿದವರಿಗೆ ಸೇವಾದಳ ಹೊಸ ಹೆಸರಲ್ಲ. ಬಿಳಿ ಟೋಪಿ ಹಾಕಿಕೊಂಡು ಮೈದಾನದಲ್ಲಿ ಸಾವಧಾನ್, ವಿಶ್ರಾಮ್ ಮಾಡಿದವರು, ಧ್ವಜವನ್ನು ಮಡಿಸುವ ಕ್ರಮ ಕಲಿತವರು, ರಾಷ್ಟ್ರಗೀತೆಯನ್ನು ಎಳೆಯದೆ ಹಾಡಲು ಕಲಿತವರು ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಮನೆಗೊಬ್ಬರಾದರೂ ಸಿಗುತ್ತಾರೆ. ಆದರೆ ಈ ದಳವನ್ನು ಕಟ್ಟಿದವರು ಯಾರು ಎಂದು ಕೇಳಿದರೆ ಹೇಳುವವರು ಕಡಿಮೆ. ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಬದುಕಿನ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್ ಅವರನ್ನು ಆರಿಸಿಕೊಂಡೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ನಾನು ಸಮಾಜ ವಿಜ್ಞಾನ ಪಾಠ ಹೇಳಿದವನು. ಹಿಟ್ಲರ್ ಮತ್ತು ಮುಸೊಲಿನಿಯ ಪಾಠ ಬಂದಾಗ ಚುರುಕಾದ ಮಕ್ಕಳು ಒಂದು ಪ್ರಶ್ನೆ ಕೇಳುತ್ತಿದ್ದರು. ಅವರ ದೇಶದ ಹುಡುಗರೂ ಸಮವಸ್ತ್ರ ಹಾಕಿ ಸಾಲಾಗಿ ನಿಂತರು, ಹಾಡಿದರು, ಬಾವುಟ ಹಿಡಿದರು. ನಾವೂ ಅದನ್ನೇ ಮಾಡುತ್ತೇವಲ್ಲ, ವ್ಯತ್ಯಾಸವೇನು ಸಾರ್ ಎಂದು. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಹರ್ಡೀಕರರ ಜೀವನವೇ ಇದಕ್ಕೆ ಉತ್ತರವೆಂದು ನಾನು ತಿಳಿದಿದ್ದೇನೆ.

ಹರ್ಡೀಕರರು ಹುಟ್ಟಿದ್ದು 1889ರ ಮೇ 7ರಂದು, ಧಾರವಾಡದಲ್ಲಿ. ಕಲಕತ್ತೆಯಲ್ಲಿ ವೈದ್ಯ ವಿದ್ಯೆ ಕಲಿತು 1913ರಲ್ಲಿ ಅಮೆರಿಕಕ್ಕೆ ಹೋದರು. ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ 1916ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆ ಕಾಲಕ್ಕೆ ಅದು ದೊಡ್ಡ ಪದವಿ. ಅಲ್ಲಿಯೇ ನಿಂತಿದ್ದರೂ, ಇಲ್ಲಿಗೆ ಬಂದು ದವಾಖಾನೆ ತೆರೆದಿದ್ದರೂ ಸುಖವಾಗಿ ಬಾಳಬಹುದಿತ್ತು. ಆದರೆ ಅಮೆರಿಕದಲ್ಲಿದ್ದಾಗಲೇ ಅವರಿಗೆ ಲಾಲಾ ಲಜಪತ ರಾಯರ ಒಡನಾಟ ಬೆಳೆಯಿತು. ಭಾರತಕ್ಕೆ ಸ್ವರಾಜ್ಯ ಬೇಕೆಂದು ಅಲ್ಲಿನ ಜನರಿಗೆ ತಿಳಿಹೇಳಲು ರಾಯರು ಕಟ್ಟಿದ ಹೋಂ ರೂಲ್ ಲೀಗಿನಲ್ಲಿ ಹರ್ಡೀಕರರು ದುಡಿದರು. 1921ರಲ್ಲಿ ಸ್ವದೇಶಕ್ಕೆ ಮರಳಿ ಹುಬ್ಬಳ್ಳಿಯಲ್ಲಿ ನೆಲೆಸಿ ತರುಣರನ್ನು ಒಟ್ಟುಗೂಡಿಸಿದರು.

1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ರಾಷ್ಟ್ರಧ್ವಜ ಹಿಡಿದು ಮೆರವಣಿಗೆ ಹೋಗುವುದನ್ನು ಬ್ರಿಟಿಷ್ ಅಧಿಕಾರಿಗಳು ತಡೆದಾಗ ದೇಶದ ಮೂಲೆಮೂಲೆಯಿಂದ ಜನ ಬಂದು ಜೈಲು ತುಂಬಿದರು. ಹರ್ಡೀಕರರೂ ಅವರ ಹುಬ್ಬಳ್ಳಿಯ ತರುಣರೂ ಅವರಲ್ಲಿದ್ದರು. ಜೈಲಿನ ಕಷ್ಟ ತಾಳಲಾರದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡದವರು ಬರೆದುಕೊಡಲಿಲ್ಲ. ಇದು ನಾಯಕರ ಕಣ್ಣಿಗೆ ಬಿತ್ತು. ಉತ್ಸಾಹವೊಂದೇ ಸಾಲದು, ತರಬೇತಿ ಬೇಕು ಎಂಬ ಮಾತಿಗೆ ಬೆಲೆ ಬಂತು.

ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ್ ನೆಹರೂ ಮೊದಲ ಅಧ್ಯಕ್ಷರಾದರು. ಕೆಲಸದ ಹೊರೆ ಹೊತ್ತವರು ಹರ್ಡೀಕರರು. ಎಲ್ಲರೂ ಇದನ್ನು ಒಪ್ಪಿದರೆಂದು ತಿಳಿಯಬಾರದು. ಕಾಂಗ್ರೆಸ್ಸಿನ ಒಳಗೇ ಬಲವಾದ ವಿರೋಧವಿತ್ತು. ಕವಾಯತು ಮಾಡುವ ತರುಣರ ದಂಡು ಮುಂದೆ ಒಂದು ಖಾಸಗಿ ಸೈನ್ಯವಾಗಬಹುದು, ಅಹಿಂಸೆಗೆ ಕುಂದು ಬರಬಹುದು, ಜನ ಆರಿಸಿದವರ ಮಾತನ್ನು ಮೀರಬಹುದು ಎಂದು ಹಲವರು ಹೆದರಿದರು. ನನ್ನ ಅಭಿಪ್ರಾಯದಲ್ಲಿ ಆ ಹೆದರಿಕೆ ತಪ್ಪಾಗಿರಲಿಲ್ಲ. ಯುರೋಪಿನಲ್ಲಿ ನಡೆದದ್ದು ಅದೇ.

ಇಟಲಿಯಲ್ಲಿ ಮುಸೊಲಿನಿಯ ಸರ್ಕಾರ 1926ರಲ್ಲಿ ಬಾಲಿಲ್ಲಾ ಎಂಬ ಮಕ್ಕಳ ಸಂಘವನ್ನು ಕಾನೂನಿನ ಮೂಲಕ ಸ್ಥಾಪಿಸಿ, ಸ್ಕೌಟ್‌ನಂಥ ಬೇರೆ ಸಂಘಗಳನ್ನು ಮುಚ್ಚಿಸಿತು. ಜರ್ಮನಿಯಲ್ಲಿ ಹಿಟ್ಲರ್ ಯುವದಳದಲ್ಲಿ 1932ರ ಕೊನೆಗೆ ಸುಮಾರು 1 ಲಕ್ಷ ಸದಸ್ಯರಿದ್ದರು. ಅವನು ಅಧಿಕಾರಕ್ಕೆ ಬಂದ ಮೇಲೆ 1936ರ ಕೊನೆಗೆ ಅದು 50 ಲಕ್ಷ ದಾಟಿತು. 1939ರಲ್ಲಿ 10ರಿಂದ 18 ವರ್ಷದ ಎಲ್ಲ ಜರ್ಮನ್ ಮಕ್ಕಳಿಗೂ ಸೇರುವುದು ಕಡ್ಡಾಯವಾಯಿತು. ಯೆಹೂದಿ ಮಕ್ಕಳಿಗೆ ಮಾತ್ರ ಬಾಗಿಲು ಮುಚ್ಚಿತ್ತು. ಹತ್ತು ವರ್ಷದ ಮಗು ದೇಶದ ಹೆಸರಿನಲ್ಲಲ್ಲ, ಹಿಟ್ಲರ್ ಎಂಬ ಒಬ್ಬ ಮನುಷ್ಯನ ಹೆಸರಿನಲ್ಲಿ ಪ್ರಮಾಣ ಮಾಡಬೇಕಿತ್ತು. 1945ರಲ್ಲಿ ಬರ್ಲಿನ್ ಬೀಳುವಾಗ ಮೀಸೆ ಮೂಡದ ಹುಡುಗರನ್ನು ಟ್ಯಾಂಕುಗಳ ಎದುರು ನಿಲ್ಲಿಸಿದರು.

ಈಗ ಹರ್ಡೀಕರರ ದಳವನ್ನು ನೋಡೋಣ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಅಧಿವೇಶನ ನಡೆದಾಗ ಸ್ವಯಂಸೇವಕರಿಗೆ ಸಿಕ್ಕಿದ ಕೆಲಸ ಕಸ ಗುಡಿಸುವುದು, ನೀರು ಒದಗಿಸುವುದು, ಜನಸಂದಣಿಯನ್ನು ಸಾಲಿಗೆ ತರುವುದು, ಕಾಯಿಲೆಯವರನ್ನು ನೋಡಿಕೊಳ್ಳುವುದು. ಆರೋಗ್ಯಶಾಸ್ತ್ರ ಓದಿದ ವೈದ್ಯರು ಕಟ್ಟಿದ ದಳವೆಂಬುದು ಇದರಲ್ಲೇ ತಿಳಿಯುತ್ತದೆ. ಉಮಾಬಾಯಿ ಕುಂದಾಪುರ ಅವರು ನೂರಕ್ಕೂ ಹೆಚ್ಚು ಮಹಿಳೆಯರನ್ನು ಸ್ವಯಂಸೇವಕಿಯರಾಗಿ ಅಲ್ಲಿಗೆ ಕರೆತಂದರು. ಹೆಂಗಸರು ಹೊಸ್ತಿಲು ದಾಟುವುದೇ ಕಷ್ಟವಾಗಿದ್ದ ಕಾಲವದು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ದಳದ ಮಹಿಳಾ ವಿಭಾಗಕ್ಕಾಗಿ ದುಡಿದರು.

ಸೈನ್ಯವಾದೀತೆಂಬ ಭಯಕ್ಕೂ ಉತ್ತರ ದೊರೆಯಿತು. 1931ರಲ್ಲಿ ಸೇವಾದಳವನ್ನು ಕಾಂಗ್ರೆಸ್ಸಿನ ಆಡಳಿತದ ಅಡಿಗೇ ತರಲಾಯಿತು. ಮರುವರ್ಷ ಬ್ರಿಟಿಷ್ ಸರ್ಕಾರ ದಳವನ್ನು ನಿಷೇಧಿಸಿತು. 1934ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆಗೆದರೂ ಸೇವಾದಳದ ಮೇಲಿನದನ್ನು ತೆಗೆಯಲಿಲ್ಲ. ಜರ್ಮನಿಯ ಹುಡುಗ ದಳಕ್ಕೆ ಸೇರದಿದ್ದರೆ ಅವನ ಮನೆಗೆ ತೊಂದರೆ. ನಮ್ಮ ಹುಡುಗ ದಳಕ್ಕೆ ಸೇರಿದರೆ ಜೈಲು. ಹಾಗಿದ್ದೂ ಸೇರಿದನೆಂದರೆ ಅದು ಅವನ ಸ್ವಂತ ಇಚ್ಛೆ. ನಾನು ಮಕ್ಕಳಿಗೆ ಹೇಳುತ್ತಿದ್ದ ಮೊದಲ ವ್ಯತ್ಯಾಸ ಇದು. ತಲೆಬಾಗಿದ್ದು ಯಾರಿಗೆ ಎಂಬುದು ಎರಡನೆಯದು: ಅಲ್ಲಿ ಒಬ್ಬ ನಾಯಕನಿಗೆ, ಇಲ್ಲಿ ದೇಶಕ್ಕೆ. ಕೈಗೆ ಏನು ಕೊಟ್ಟರು ಎಂಬುದು ಮೂರನೆಯದು: ಅಲ್ಲಿ ಬಂದೂಕು, ಇಲ್ಲಿ ಪೊರಕೆ ಮತ್ತು ಬ್ಯಾಂಡೇಜು.

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಹಾರಿದ ಕೆಲವೇ ದಿನಗಳಲ್ಲಿ, 25ನೇ ತಾರೀಕು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಜನ ಸೇರಿದರು. ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹೊಲಗದ್ದೆ ಮಾಡಿಕೊಂಡಿದ್ದ ಸಾಮಾನ್ಯರು. ಯಾವ ಸರ್ಕಾರವೂ ಅವರನ್ನು ಅಲ್ಲಿಗೆ ಹೋಗಿರೆಂದು ಕಳಿಸಿರಲಿಲ್ಲ. ನಾಗಪುರದಲ್ಲಿ ಹರ್ಡೀಕರರ ತರುಣರು ಹಿಡಿದ ಧ್ವಜದ ಹಟವೇ ಹದಿನೈದು ವರ್ಷದ ಮೇಲೆ ನಮ್ಮೂರ ಅಶ್ವತ್ಥದ ನೆರಳಿಗೂ ಬಂದಿತ್ತು.

ಹರ್ಡೀಕರರು ಹೋರಾಟದ ನಡುವೆಯೂ ತಮ್ಮ ವೃತ್ತಿಯನ್ನು ಮರೆಯಲಿಲ್ಲ. ಘಟಪ್ರಭೆಯಲ್ಲಿ 1929ರಲ್ಲಿ ಆರಂಭವಾದ ಕರ್ನಾಟಕ ಆರೋಗ್ಯಧಾಮದ ಸ್ಥಾಪಕರಲ್ಲಿ ಅವರೊಬ್ಬರು. ಸ್ವಾತಂತ್ರ್ಯಾನಂತರ 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಬಂತು. ನಮ್ಮವರದೇ ಸರ್ಕಾರ ಬಂದ ಮೇಲೆ ತರುಣರ ದಳವನ್ನು ಆಳುವವರ ಕೈಗೆ ಕೊಟ್ಟುಬಿಡುವುದು ಸುಲಭವಾಗಿತ್ತು. ಆದರೆ ಶಾಲೆಗಳಿಗೆ ಬಂದ ಭಾರತ ಸೇವಾದಳ ಯಾವ ಪಕ್ಷದ ಬಾವುಟವನ್ನೂ ಹಿಡಿಯಲಿಲ್ಲ, ರಾಷ್ಟ್ರಧ್ವಜವೊಂದನ್ನೇ ಹಿಡಿಯಿತು. ಬೆಳಗಿನ ಜಾವ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ ಓಡಿಬರುತ್ತಿದ್ದ ಶಿಡ್ಲಘಟ್ಟದ ಕಡೆಯ ಮಕ್ಕಳು ಆ ಸಾಲಿನಲ್ಲಿ ಜಾತಿ ಕೇಳದೆ ಪಕ್ಕಪಕ್ಕದಲ್ಲಿ ನಿಂತದ್ದನ್ನು ನಾನು ಕಂಡಿದ್ದೇನೆ.

ಹರ್ಡೀಕರರು ತೀರಿಕೊಂಡದ್ದು 1975ರ ಆಗಸ್ಟ್ 26ರಂದು. ತುರ್ತು ಪರಿಸ್ಥಿತಿ ಘೋಷಣೆಯಾಗಿ ಆಗ ಎರಡು ತಿಂಗಳು. ಪತ್ರಿಕೆಗಳ ಮೇಲೆ ನಿರ್ಬಂಧವಿತ್ತು, ವಿರೋಧ ಪಕ್ಷಗಳ ಮುಖಂಡರು ಸೆರೆಮನೆಯಲ್ಲಿದ್ದರು. ಸ್ವತಂತ್ರ ದೇಶದಲ್ಲೂ ಸಾಲು ತಪ್ಪು ದಾರಿಗೆ ತಿರುಗಬಹುದೆಂಬುದಕ್ಕೆ ನಾವು ಜರ್ಮನಿಯ ತನಕ ಹೋಗಬೇಕಾಗಿಲ್ಲ.

ನಮ್ಮ ಶಾಲೆಯ ಮೈದಾನದಲ್ಲಿ ಮುಂದೆಯೂ ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ನಿಲ್ಲಬೇಕು. ಅವರಿಗೆ ಹೆಜ್ಜೆ ಹಾಕಲು ಕಲಿಸುವ ಶಿಕ್ಷಕ ಮಿತ್ರರಲ್ಲಿ ನನ್ನದೊಂದು ವಿನಂತಿ. ಯಾರಿಗಾಗಿ, ಯಾವ ಕೆಲಸಕ್ಕಾಗಿ ಹೆಜ್ಜೆ ಹಾಕುತ್ತಿದ್ದೇವೆ ಎಂದು ಕೇಳುವುದನ್ನೂ ಕಲಿಸಿ. ಹಾಗೆ ಕೇಳಬಲ್ಲ ಮಗುವನ್ನು ಯಾವ ಸರ್ವಾಧಿಕಾರಿಯೂ ತನ್ನ ದಂಡಿಗೆ ಸೇರಿಸಿಕೊಳ್ಳಲಾರ.